ಪಿಕಪ್ ಇಲ್ಲದ ಕಾರು: ತೊಂದರೆ ಎಲ್ಲಿ ಕೂತಿದೆ ಎಂದು ಹುಡುಕುವ ದಾರಿ

ಆಕ್ಸಿಲರೇಟರ್ ಒತ್ತುತ್ತೀರಿ, ಕಾರು ಮಾತ್ರ ಮನಸ್ಸಿಲ್ಲದ ಮನಸ್ಸಿನಿಂದ ಮುಂದೆ ಹೋಗುತ್ತದೆ. ಪಿಕಪ್ ಇಲ್ಲ ಎಂದು ಗ್ಯಾರೇಜಿಗೆ ಬಿಟ್ಟರೆ ಮೊದಲು ಏರ್ ಫಿಲ್ಟರ್ ಬದಲಾಗುತ್ತದೆ. ಆಮೇಲೆ ಸ್ಪಾರ್ಕ್ ಪ್ಲಗ್, ಆಮೇಲೆ ಥ್ರಾಟಲ್ ಬಾಡಿ ಕ್ಲೀನಿಂಗ್, ಕೊನೆಗೆ ಯಾವುದೋ ಸೆನ್ಸರ್. ಬಿಲ್ ಬೆಳೆಯುತ್ತದೆ, ಕಾರು ಇದ್ದ ಹಾಗೇ ಇರುತ್ತದೆ. ಒಂದೊಂದೇ ಬಿಡಿಭಾಗ ಹಾಕಿ ನೋಡುವುದು ಲಾಟರಿ ಟಿಕೆಟ್ ಕೊಂಡ ಹಾಗೆ. ಹೊಡೆದರೆ ಹೊಡೀತು, ಇಲ್ಲದಿದ್ದರೆ ಇಲ್ಲ.

ಈಗಿನ ಕಾರುಗಳಲ್ಲಿ ಪೆಡಲಿಗೂ ಎಂಜಿನ್ನಿಗೂ ನಡುವೆ ಕೇಬಲ್ ಇಲ್ಲ. ಪೆಡಲ್ ಸೆನ್ಸರ್ ನಿಮ್ಮ ಕಾಲು ಎಷ್ಟು ಒತ್ತಿತು ಎಂದು ಇಸಿಯುಗೆ, ಅಂದರೆ ಎಂಜಿನ್ನಿನ ಕಂಪ್ಯೂಟರಿಗೆ, ಹೇಳುತ್ತದೆ. ಇಸಿಯು ಒಂದು ಪುಟ್ಟ ಮೋಟರಿನಿಂದ ಥ್ರಾಟಲ್, ಅಂದರೆ ಗಾಳಿಯ ಬಾಗಿಲು, ತೆರೆಸುತ್ತದೆ. ಗಾಳಿ ಒಳಗೆ ಬರುತ್ತದೆ, ಅದಕ್ಕೆ ತಕ್ಕಷ್ಟು ಪೆಟ್ರೋಲ್ ಸೇರುತ್ತದೆ, ಕಿಡಿ ಹಾರುತ್ತದೆ, ಹೊಗೆ ಆಚೆ ಹೋಗುತ್ತದೆ. ಹುಟ್ಟಿದ ಬಲ ಕ್ಲಚ್, ಗೇರ್ ದಾಟಿ ಚಕ್ರಕ್ಕೆ ಬರುತ್ತದೆ. ನಾವು ಹುಡುಕಬೇಕಾದ್ದು ಇಷ್ಟೇ: ಈ ದಾರಿಯಲ್ಲಿ ನಿಮ್ಮ ಕಾಲಿನ ಮಾತು ಎಲ್ಲಿ ನಿಂತುಹೋಗುತ್ತಿದೆ? ಅದು ಗೊತ್ತಾಗುವ ತನಕ ಏನನ್ನೂ ಕೊಳ್ಳಬೇಡಿ.

ಮೊದಲು, ಎಂಥ ಮಂಕು ಎಂದು ನೋಡಿ

ಒತ್ತಿದ ಮೇಲೆ ಒಂದು ಕ್ಷಣ ಸುಮ್ನಿದ್ದು, ಆಮೇಲೆ ಸರಿಯಾಗಿಯೇ ಎಳೆದರೆ ಅದು ತಡ. ತಕ್ಷಣ ಎಳೆಯಲು ಶುರುಮಾಡಿ, ಏರಿನಲ್ಲಿ ಅಥವಾ ಓವರ್‌ಟೇಕ್ ಮಾಡುವಾಗ ಸೋತರೆ ಅದು ಬಲದ ಕೊರತೆ. ಎಳೆಯುತ್ತಾ ಜರ್ಕ್ ಹೊಡೆದರೆ ಮಿಸ್ಸಿಂಗ್ (ಯಾವುದೋ ಸಿಲಿಂಡರಿನಲ್ಲಿ ಪೆಟ್ರೋಲ್ ಉರಿಯದೆ ತಪ್ಪುವುದು) ಕಡೆ ನೋಡಬೇಕು. ಆರ್‌ಪಿಎಂ ಏರಿ, ಸದ್ದೂ ಏರಿ, ವೇಗ ಮಾತ್ರ ಏರದಿದ್ದರೆ ಎಂಜಿನ್ನನ್ನು ಬೈದು ಉಪಯೋಗವಿಲ್ಲ, ಕ್ಲಚ್ ನೋಡಿ. 2500 ಅಥವಾ 3000 ಆರ್‌ಪಿಎಂ ಹತ್ತಿರ ಗೋಡೆಗೆ ತಾಗಿದ ಹಾಗೆ ನಿಂತುಬಿಟ್ಟರೆ ಇಸಿಯು ಏನೋ ಎಡವಟ್ಟು ಕಂಡು ತಾನಾಗಿಯೇ ಬಲ ಕಡಿಮೆ ಮಾಡಿದೆ ಎಂದು ಲೆಕ್ಕ. ಇದಕ್ಕೆ ಲಿಂಪ್ ಮೋಡ್ ಅನ್ನುತ್ತಾರೆ.

ಇನ್ನೊಂದು ಪ್ರಶ್ನೆ ತುಂಬಾ ಕೆಲಸ ಉಳಿಸುತ್ತದೆ: ಯಾವಾಗಿನಿಂದ ಹೀಗೆ? ಸರ್ವಿಸ್ ಆದ ಮರುದಿನದಿಂದ ಅಂತಾದರೆ ಬಾನೆಟ್ ಎತ್ತಿ, ಸರ್ವಿಸ್‌ನಲ್ಲಿ ಯಾರ ಕೈ ಎಲ್ಲೆಲ್ಲಿ ಆಡಿದೆಯೋ ಅಲ್ಲೇ ನೋಡಿ. ಏರ್ ಫಿಲ್ಟರ್ ಡಬ್ಬದ ಮುಚ್ಚಳ ಒಂದು ಕಡೆ ಕೂತಿರುವುದಿಲ್ಲ, ಪೈಪಿನ ಕ್ಲ್ಯಾಂಪ್ ಬಿಗಿ ಮಾಡಿರುವುದಿಲ್ಲ, ಸೆನ್ಸರ್ ಕನೆಕ್ಟರ್ ಅರ್ಧ ಮಾತ್ರ ಒಳಗೆ ಹೋಗಿರುತ್ತದೆ. ತಿಂಗಳುಗಟ್ಟಲೆ ನಿಧಾನವಾಗಿ ಬಂದ ಮಂಕಾದರೆ ಕೊಳೆ, ಕಟ್ಟಿಕೊಳ್ಳುವಿಕೆ, ಸವೆತದ ಕಡೆ ಯೋಚಿಸಿ. ನಿಂತ ಕಾಲ ಮೇಲೆ ಬಂದದ್ದಾದರೆ ಪೈಪ್ ಒಡೆದಿದೆ, ವೈರ್ ಬಿಟ್ಟಿದೆ, ಸೆನ್ಸರ್ ಕೆಟ್ಟಿದೆ.

ಇದು ಕಾಯಿಲೆಯೇ ಅಲ್ಲದಿರಲೂಬಹುದು. ಟರ್ಬೊ (ಹೊಗೆಯ ರಭಸದಿಂದ ತಿರುಗಿ ಎಂಜಿನ್ನಿಗೆ ಗಾಳಿ ಒತ್ತುವ ಪಂಪ್) ಇರುವ ಸಣ್ಣ ಎಂಜಿನ್ನುಗಳು 1500ರಿಂದ 1800 ಆರ್‌ಪಿಎಂ ಕೆಳಗೆ ಸೋಮಾರಿಯಾಗಿಯೇ ಇರುತ್ತವೆ. ಟರ್ಬೊ ಇಲ್ಲದ ಎಂಜಿನ್ ಎತ್ತರದ ಜಾಗಕ್ಕೆ ಹೋದರೆ ಪ್ರತಿ 1000 ಮೀಟರಿಗೆ ಸುಮಾರು 10% ಬಲ ಕಳೆದುಕೊಳ್ಳುತ್ತದೆ, ಅಲ್ಲಿ ಗಾಳಿಯೇ ತೆಳು. ಸಿವಿಟಿ, ಅಂದರೆ ಗೇರಿನ ಮೆಟ್ಟಿಲುಗಳಿಲ್ಲದ ಆಟೋಮ್ಯಾಟಿಕ್ ಗೇರ್‌ಬಾಕ್ಸಿನಲ್ಲಿ ಮೊದಲು ಸದ್ದು, ಆಮೇಲೆ ವೇಗ ಬರುವುದು ಅದರ ಸ್ವಭಾವ. ಅದೇ ಮಾಡೆಲಿನ ಇನ್ನೊಂದು ಕಾರನ್ನು ಓಡಿಸಿ ನೋಡಲು ಸಿಕ್ಕರೆ ಒಳ್ಳೆಯದು, ಅರ್ಧ ಅನುಮಾನ ಅಲ್ಲೇ ತೀರುತ್ತದೆ.

ಕಾಸಿಲ್ಲದ ತಪಾಸಣೆ

ಪೆಡಲ್ ಕೆಳಗೆ ಕೈ ಹಾಕಿ ನೋಡಿ. ದಪ್ಪನೆಯ ಮ್ಯಾಟ್ ಅಡ್ಡ ಬಂದು ಪೆಡಲ್ ಪೂರ್ತಿ ಕೆಳಗೆ ಹೋಗದೇ ಇರುವುದು ನೀವು ಅಂದುಕೊಂಡದ್ದಕ್ಕಿಂತ ಜಾಸ್ತಿ ಕಾರುಗಳಲ್ಲಿದೆ. ಇಕೋ ಮೋಡ್ ಆನ್ ಆಗಿದೆಯಾ ನೋಡಿ. ಆ ಮೋಡಿನಲ್ಲಿ ಅರ್ಧ ಒತ್ತಿದರೂ ಇಸಿಯು ಥ್ರಾಟಲನ್ನು ಬೇಕಂತಲೇ ಕಡಿಮೆ ತೆರೆಯುತ್ತದೆ. ಟಯರಿನ ಗಾಳಿ ಸರಿಯಿರಲಿ.

ಬ್ರೇಕ್ ಹಿಡಿದುಕೊಂಡಿರುವುದನ್ನು ಜನ ಎಂಜಿನ್ ತೊಂದರೆ ಎಂದೇ ತಿಳಿಯುತ್ತಾರೆ. ಬ್ರೇಕ್ ಕಡಿಮೆ ಬಳಸಿ ಒಂದಷ್ಟು ದೂರ ಓಡಿಸಿ, ನಿಲ್ಲಿಸಿ, ನಾಲ್ಕೂ ಚಕ್ರದ ಹತ್ತಿರ ಕೈ ಹಿಡಿಯಿರಿ. ಮುಟ್ಟಬೇಡಿ, ಸುಡುತ್ತದೆ. ಒಂದು ಚಕ್ರ ಮಾತ್ರ ಉಳಿದವಕ್ಕಿಂತ ಬಿಸಿ ಬೀರುತ್ತಿದ್ದರೆ ಅಲ್ಲಿ ಬ್ರೇಕ್ ಅಂಟಿಕೊಂಡಿರಬಹುದು. ಹಾಗೆಯೇ, ಬ್ರೇಕ್ ಬಿಟ್ಟ ಮೇಲೂ ಹಿಂದಿನ ಬ್ರೇಕ್ ಲೈಟ್ ಉರಿಯುತ್ತಿದೆಯಾ ಎಂದು ಯಾರನ್ನಾದರೂ ಹಿಂದೆ ನಿಲ್ಲಿಸಿ ಕೇಳಿ. ಬ್ರೇಕೂ ಆಕ್ಸಿಲರೇಟರೂ ಒಟ್ಟಿಗೆ ಒತ್ತಿದ ಹಾಗೆ ಕಂಡರೆ ಬಲ ಕತ್ತರಿಸುವ ಏರ್ಪಾಡು ಹಲವು ಕಾರುಗಳಲ್ಲಿದೆ. ಒಂದು ಸಣ್ಣ ಬ್ರೇಕ್ ಸ್ವಿಚ್ ಕೆಟ್ಟು ಇಸಿಯು ಮೋಸ ಹೋಗಿರಬಹುದು.

ಏರ್ ಫಿಲ್ಟರ್ ತೆಗೆದು ಬೆಳಕಿಗೆ ಹಿಡಿದು ನೋಡಿ. ಒಂದು ಮಾತು ಮಾತ್ರ ನೆನಪಿರಲಿ: ಸ್ವಲ್ಪ ಧೂಳು ಹಿಡಿದ ಫಿಲ್ಟರಿನಿಂದ ಪಿಕಪ್ ಸಾಯುವುದಿಲ್ಲ. ಪೂರ್ತಿ ಕಟ್ಟಿಕೊಂಡಿರಬೇಕು, ನೆನೆದಿರಬೇಕು, ಇಲ್ಲವೇ ಇಲಿ ಗೂಡು ಕಟ್ಟಿರಬೇಕು.

ಕೋಡ್ ಓದಿ, ಅಳಿಸಬೇಡಿ

ಸ್ಟೀರಿಂಗ್ ಕೆಳಗೆ, ಮೊಣಕಾಲಿನ ಹತ್ತಿರ 16 ಪಿನ್ನಿನ ಒಬಿಡಿ ಪೋರ್ಟ್ ಇರುತ್ತದೆ. ಇಸಿಯು ಬರೆದಿಟ್ಟ ದೋಷದ ಕೋಡುಗಳನ್ನು ಇಲ್ಲಿಂದಲೇ ಓದುವುದು. ಮೊಬೈಲಿಗೆ ಬ್ಲೂಟೂತ್‌ನಲ್ಲಿ ಸೇರುವ ಸಾಮಾನ್ಯ ಸ್ಕ್ಯಾನರ್ ಸಾಕು, ಲೈವ್ ಡೇಟಾ ತೋರಿಸಬೇಕು ಅಷ್ಟೇ. ಎಂಜಿನ್ ಲೈಟ್ ಉರಿಯದಿದ್ದರೂ ಪೆಂಡಿಂಗ್ ಕೋಡ್ (ಇಸಿಯು ಇನ್ನೂ ಖಚಿತಪಡಿಸದ ದೋಷ) ಇರಬಹುದು, ನೋಡಿ. ಸಿಕ್ಕಿದ ಕೋಡನ್ನೂ ಅದರ ಜೊತೆಗಿರುವ ಫ್ರೀಜ್ ಫ್ರೇಮನ್ನೂ ಬರೆದಿಟ್ಟುಕೊಳ್ಳಿ. ತೊಂದರೆ ಬಂದ ಗಳಿಗೆಯಲ್ಲಿ ಆರ್‌ಪಿಎಂ, ವೇಗ, ಲೋಡ್ ಎಷ್ಟಿತ್ತು ಎಂಬುದು ಅದರಲ್ಲಿರುತ್ತದೆ. ಕೋಡ್ ಅಳಿಸಿದರೆ ಅದೂ ಹೋಗುತ್ತದೆ. ಬ್ಯಾಟರಿ ತಂತಿ ಬಿಚ್ಚಿ ರಿಸೆಟ್ ಮಾಡುವ ಚಟವೂ ಇದೇ ಹಾನಿ ಮಾಡುತ್ತದೆ.

ಪಿ2135 ಬಂದರೆ ಥ್ರಾಟಲ್ಲಿನ ಎರಡು ಸೆನ್ಸರ್‌ಗಳ ಲೆಕ್ಕ ಒಂದಕ್ಕೊಂದು ಕೂಡುತ್ತಿಲ್ಲ. ಪಿ2138 ಅಂದರೆ ಪೆಡಲಿನದು ಕೂಡುತ್ತಿಲ್ಲ. ಪಿ0101 ಗಾಳಿ ಅಳೆಯುವ ಎಂಎಎಫ್ ಸೆನ್ಸರಿನ ಓದು ನಂಬುವ ಹಾಗಿಲ್ಲ ಅನ್ನುತ್ತದೆ. ಪಿ0171 ಇಂಧನಕ್ಕೆ ತಕ್ಕದ್ದಕ್ಕಿಂತ ಗಾಳಿ ಜಾಸ್ತಿ, ಪಿ0299 ಟರ್ಬೊ ಒತ್ತಡ ಸಾಲದು, ಪಿ0087 ಇಂಧನದ ಒತ್ತಡ ಸಾಲದು, ಪಿ0300 ಮಿಸ್ಸಿಂಗ್. ಇವು ಯಾವುವೂ "ಈ ಭಾಗ ಬದಲಾಯಿಸಿ" ಎಂದು ಹೇಳುವುದಿಲ್ಲ. ಪಿ0171 ಬಂದಾಗ, ಹೊಗೆಯಲ್ಲಿ ಉಳಿದ ಆಕ್ಸಿಜನ್ ನೋಡಿ ಈ ಸುದ್ದಿ ಹೇಳಿದ ಆಕ್ಸಿಜನ್ ಸೆನ್ಸರನ್ನೇ ಬದಲಾಯಿಸಿಬಿಡುವವರಿದ್ದಾರೆ. ಸುದ್ದಿ ತಂದವನನ್ನೇ ಹೊಡೆದ ಹಾಗಾಯಿತು, ಅಲ್ವಾ?

ಮೂರು ಸಂಖ್ಯೆ ಒಟ್ಟಿಗೆ ನೋಡಿ

ಇಡೀ ಹುಡುಕಾಟದ ಜೀವಾಳ ಇಲ್ಲಿದೆ. ಸ್ಕ್ಯಾನರಿನಲ್ಲಿ ಪೆಡಲ್ ಎಷ್ಟು, ಥ್ರಾಟಲ್ ಎಷ್ಟು, ಗಾಳಿ ಎಷ್ಟು, ಈ ಮೂರನ್ನು ಆರ್‌ಪಿಎಂ ಜೊತೆ ಒಂದೇ ಪರದೆಯಲ್ಲಿ ಇಟ್ಟು ರೆಕಾರ್ಡ್ ಮಾಡಿ. ಗಾಳಿಯನ್ನು ಕೆಲವು ಕಾರುಗಳು ಎಂಎಎಫ್ ಸೆನ್ಸರಿನಲ್ಲಿ, ಸೆಕೆಂಡಿಗೆ ಇಷ್ಟು ಗ್ರಾಂ ಎಂದು ಅಳೆಯುತ್ತವೆ. ಇನ್ನು ಕೆಲವು ಎಂಎಪಿ ಸೆನ್ಸರಿನಲ್ಲಿ ಮ್ಯಾನಿಫೋಲ್ಡ್ (ಥ್ರಾಟಲ್ ದಾಟಿದ ಗಾಳಿ ಸಿಲಿಂಡರಿಗೆ ಹೋಗುವ ಕೊಳವೆ) ಒಳಗಿನ ಒತ್ತಡವನ್ನು ಕಿಲೊಪಾಸ್ಕಲ್‌ನಲ್ಲಿ ನೋಡುತ್ತವೆ. ಎರಡೂ ಇರುವ ಕಾರುಗಳೂ ಇವೆ.

ಮೊದಲ ಪರೀಕ್ಷೆ ನಿಂತಲ್ಲೇ ಆಗುತ್ತದೆ. ಎಂಜಿನ್ ಸ್ಟಾರ್ಟ್ ಮಾಡದೆ ಇಗ್ನಿಷನ್ ಮಾತ್ರ ಆನ್ ಮಾಡಿ. ಪೆಡಲನ್ನು ತುಂಬಾ ನಿಧಾನವಾಗಿ, ಐದಾರು ಸೆಕೆಂಡ್ ತೆಗೆದುಕೊಂಡು ಕೆಳಗೆ ಒತ್ತಿ, ಅಷ್ಟೇ ನಿಧಾನವಾಗಿ ಕಾಲು ತೆಗೆಯಿರಿ. ಸಂಖ್ಯೆ ಒಂದೇ ಸಮನೆ ಏರಿ ಒಂದೇ ಸಮನೆ ಇಳಿಯಬೇಕು. ಕಾಲು ಇಡದಿದ್ದಾಗಲೂ 15% ಆಸುಪಾಸು ತೋರಿಸುವ, ಪೂರ್ತಿ ಒತ್ತಿದಾಗ 80% ಹತ್ತಿರ ನಿಲ್ಲುವ ಕಾರುಗಳಿವೆ, ಅದಕ್ಕೆ ಗಾಬರಿ ಬೇಡ. ಪೆಡಲಿನಲ್ಲಿ ಎರಡು ಸೆನ್ಸರ್ ಇರುತ್ತವೆ. ಎರಡನೆಯದು ಮೊದಲನೆಯದರ ಅರ್ಧ ತೋರಿಸುವುದು ಸಾಮಾನ್ಯ ರೂಢಿ. ನಡುವೆ ಎಲ್ಲೋ ಸಂಖ್ಯೆ ಹಾರಿದರೆ, ಸೊನ್ನೆಗೆ ಬಿದ್ದು ಮತ್ತೆ ಎದ್ದರೆ, ಪೆಡಲ್ ಸೆನ್ಸರ್ ಅಥವಾ ಅದರ ಕನೆಕ್ಟರ್ ಕಳ್ಳ. ಆಗ ಮುಂದಿನದ್ದೆಲ್ಲ ಬೇಡ, ಇಲ್ಲೇ ನಿಲ್ಲಿ.

ಎರಡನೆಯದು ರಸ್ತೆಯಲ್ಲಿ. ಖಾಲಿ ರಸ್ತೆ, ಬಿಸಿಯಾದ ಎಂಜಿನ್, ಪಕ್ಕದಲ್ಲಿ ಇನ್ನೊಬ್ಬರು. ಮೊಬೈಲ್ ಅವರ ಕೈಯಲ್ಲಿರಬೇಕು, ನಿಮ್ಮ ಕೈಯಲ್ಲಲ್ಲ. ಮೂರನೇ ಗೇರಿನಲ್ಲಿ 2000 ಆರ್‌ಪಿಎಂನಿಂದ ಪೆಡಲ್ ಪೂರ್ತಿ ಒತ್ತಿ, ವೇಗದ ಮಿತಿಯೊಳಗೆ ಸಾಧ್ಯವಾದಷ್ಟು ಎಳೆಯಿರಿ. ಮನೆಗೆ ಬಂದು ರೆಕಾರ್ಡ್ ನೋಡಿ.

ಪೆಡಲ್ ಪೂರ್ತಿ, ಥ್ರಾಟಲ್ ಅರ್ಧ: ಇಸಿಯು ತಡೆಯುತ್ತಿದೆ ಅಥವಾ ಥ್ರಾಟಲ್ ಬಾಡಿ ಮಾತು ಕೇಳುತ್ತಿಲ್ಲ. ಪೆಡಲ್ ಪೂರ್ತಿ, ಥ್ರಾಟಲ್ ಪೂರ್ತಿ, ಗಾಳಿ ಕಡಿಮೆ: ಗಾಳಿ ಬರುವ ಅಥವಾ ಹೊಗೆ ಹೋಗುವ ದಾರಿ ಕಟ್ಟಿದೆ, ಇಲ್ಲವೇ ಗಾಳಿ ಅಳೆಯುವ ಸೆನ್ಸರ್ ತಪ್ಪು ಹೇಳುತ್ತಿದೆ. ಮೂರೂ ಸರಿ, ಆದರೂ ಬಲ ಇಲ್ಲ: ಇಂಧನ, ಕಿಡಿ, ಇಲ್ಲವೇ ಎಂಜಿನ್ನಿನಿಂದ ಆಚೆಗಿನ ತೊಂದರೆ.

ಗಾಳಿ ಸಾಕೋ ಸಾಲದೋ ಎಂದು ತಿಳಿಯುವುದು ಹೇಗೆ? ಲೆಕ್ಕ ಸುಲಭ. ನಾಲ್ಕು ಸ್ಟ್ರೋಕಿನ ಎಂಜಿನ್ ಎರಡು ಸುತ್ತಿಗೆ ಒಂದು ಸಲ ತನ್ನ ಸಾಮರ್ಥ್ಯದಷ್ಟು ಗಾಳಿ ಎಳೆಯುತ್ತದೆ. 1.2 ಲೀಟರ್ ಎಂಜಿನ್ 3000 ಆರ್‌ಪಿಎಂನಲ್ಲಿ ನಿಮಿಷಕ್ಕೆ 1500 ಸಲ, ಅಂದರೆ 1800 ಲೀಟರ್, ಸೆಕೆಂಡಿಗೆ 30 ಲೀಟರ್. ಒಂದು ಲೀಟರ್ ಗಾಳಿ ಸುಮಾರು 1.2 ಗ್ರಾಂ ತೂಗುತ್ತದೆ. ಹಾಗಾದರೆ 36 ಗ್ರಾಂ. ಪೂರ್ತಿ ತುಂಬುವುದಿಲ್ಲವಾದ್ದರಿಂದ 80ರಿಂದ 90% ಹಿಡಿಯಿರಿ, 29ರಿಂದ 32 ಗ್ರಾಂ ಬರಬೇಕು. ನಿಮ್ಮ ರೆಕಾರ್ಡಿನಲ್ಲಿ ಅದೇ ಆರ್‌ಪಿಎಂನಲ್ಲಿ 20 ಇದ್ದರೆ ತೊಂದರೆ ಖಚಿತ. ಇದು ಟರ್ಬೊ ಇಲ್ಲದ ಪೆಟ್ರೋಲ್ ಎಂಜಿನ್ನಿನ ಲೆಕ್ಕ. ಟರ್ಬೊ ಇದ್ದರೆ ಇದಕ್ಕಿಂತ ಜಾಸ್ತಿಯೇ ಬರಬೇಕು.

ಎಂಎಪಿ ಇದ್ದರೆ ಇನ್ನೂ ಸಲೀಸು. ಎಂಜಿನ್ ಆಫ್ ಇರುವಾಗ ಅದು ಹೊರಗಿನ ಗಾಳಿಯ ಒತ್ತಡ ತೋರಿಸುತ್ತದೆ, ಸಮುದ್ರ ಮಟ್ಟದಲ್ಲಿ ಸುಮಾರು 100 ಕಿಲೊಪಾಸ್ಕಲ್. ಐಡ್ಲಿಂಗ್‌ನಲ್ಲಿ, ಅಂದರೆ ಪೆಡಲ್ ಮುಟ್ಟದೆ ಎಂಜಿನ್ ಓಡುತ್ತಿರುವಾಗ, 30–40ಕ್ಕೆ ಇಳಿಯುತ್ತದೆ. ಟರ್ಬೊ ಇಲ್ಲದಿದ್ದರೆ, ಪೆಡಲ್ ಪೂರ್ತಿ ಒತ್ತಿದಾಗ ಮತ್ತೆ ಆಫ್ ಇದ್ದಾಗಿನ ಸಂಖ್ಯೆಯ ಹತ್ತಿರಕ್ಕೇ ಬರಬೇಕು. ಆಫ್ ಇದ್ದಾಗ 100 ಇದ್ದದ್ದು 85ರಲ್ಲಿ ನಿಂತರೆ ಸೆನ್ಸರಿಗಿಂತ ಮುಂಚೆ, ಅಂದರೆ ಫಿಲ್ಟರ್, ಪೈಪ್ ಅಥವಾ ಥ್ರಾಟಲ್ಲಿನಲ್ಲಿ ಅಡ್ಡಿ ಇದೆ.

ಥ್ರಾಟಲ್ ಬಾಡಿ

ಗಾಳಿ ಪೈಪ್ ಬಿಚ್ಚಿ ಒಳಗೆ ಟಾರ್ಚ್ ಬಿಡಿ. ತಟ್ಟೆ ಮುಚ್ಚಿಕೊಳ್ಳುವ ಅಂಚಿನಲ್ಲಿ ಕಪ್ಪನೆಯ ಅಂಟು ಉಂಗುರ ಕಾಣುತ್ತದೆ. ಈ ಮಸಿ ಐಡ್ಲಿಂಗ್ ಕೆಡಿಸುತ್ತದೆ, ಪೆಡಲ್ ಮುಟ್ಟಿದ ಮೊದಲ ಗಳಿಗೆಯಲ್ಲಿ ತಡವರಿಸುವಂತೆ ಮಾಡುತ್ತದೆ. ಆದರೆ ಪೂರ್ತಿ ತೆರೆದ ಥ್ರಾಟಲ್ಲಿಗೆ ಅಂಚಿನ ಮಸಿಯಿಂದ ಏನೂ ಆಗುವುದಿಲ್ಲ. ಏರಿನಲ್ಲಿ ಎಳೆಯದ ಕಾರಿಗೆ ಥ್ರಾಟಲ್ ಬಾಡಿ ಕ್ಲೀನಿಂಗ್ ಔಷಧಿಯಲ್ಲ, ಯಾರು ಏನೇ ಹೇಳಲಿ.

ಕ್ಲೀನ್ ಮಾಡುವುದೇ ಆದರೆ ಇಗ್ನಿಷನ್ ಆಫ್ ಇರಲಿ, ಕನೆಕ್ಟರ್ ಬಿಚ್ಚಿರಲಿ. ಆನ್ ಇರುವಾಗ ಬೆರಳು ಹಾಕಿದರೆ ಮೋಟರ್ ತಟ್ಟೆಯನ್ನು ಫಟ್ಟನೆ ಮುಚ್ಚಬಹುದು. ಥ್ರಾಟಲ್ ಬಾಡಿ ಕ್ಲೀನರನ್ನು ಬಟ್ಟೆಗೆ ಹಾಕಿ ಒರೆಸಿ, ನೇರವಾಗಿ ಸುರಿದರೆ ದಂಡದ ಮೂಲಕ ಮೋಟರಿಗೆ ಇಳಿಯುತ್ತದೆ. ಸ್ಕ್ರೂಡ್ರೈವರಿನಿಂದ ಮೀಟಬೇಡಿ, ಕೆರೆಯಬೇಡಿ, ಕೆಲವು ಥ್ರಾಟಲ್ ಬಾಡಿಗಳಿಗೆ ಒಳಗೆ ಲೇಪನ ಇರುತ್ತದೆ. ಆದ ಮೇಲೆ ಐಡ್ಲಿಂಗ್ ಏರುಪೇರಾದರೆ ಕಾರಿನ ಮ್ಯಾನುವಲ್ ಪ್ರಕಾರ ಐಡಲ್ ರಿಲರ್ನ್ (ಇಸಿಯುಗೆ ಐಡ್ಲಿಂಗ್ ಮತ್ತೆ ಕಲಿಸುವುದು) ಮಾಡಬೇಕು.

ಕೇಬಲ್ ಇರುವ ಹಳೆಯ ಕಾರಾದರೆ ಒಬ್ಬರು ಪೆಡಲ್ ಪೂರ್ತಿ ಒತ್ತಲಿ, ಇನ್ನೊಬ್ಬರು ತಟ್ಟೆ ಪೂರ್ತಿ ತೆರೆಯಿತಾ ನೋಡಲಿ. ತೆರೆಯದಿದ್ದರೆ ಕೇಬಲ್ ಬಿಗಿ ಮಾಡಿ. ಅಷ್ಟೇ.

ಗಾಳಿ ಕಡಿಮೆ ಇದ್ದರೆ

ಎಂಎಎಫ್ ಸೆನ್ಸರಿನ ಒಳಗಿನ ಕೂದಲೆಳೆಯ ತಂತಿ ಧೂಳು, ಎಣ್ಣೆ ಹಿಡಿದು ಇದ್ದದ್ದಕ್ಕಿಂತ ಕಡಿಮೆ ಗಾಳಿ ತೋರಿಸುತ್ತದೆ. ಇಸಿಯು ಅದನ್ನು ನಂಬಿ ಪೆಟ್ರೋಲ್ ಕಡಿಮೆ ಮಾಡುತ್ತದೆ. ಎಣ್ಣೆ ಹಚ್ಚುವ ಫಿಲ್ಟರ್ ಹಾಕಿದ ಕಾರುಗಳಲ್ಲಿ ಇದು ಜಾಸ್ತಿ. ಎಂಎಎಫ್‌ಗೆಂದೇ ಸ್ಪ್ರೇ ಸಿಗುತ್ತದೆ, ಅದನ್ನೇ ಬಳಸಿ. ತಂತಿಗೆ ಬೆರಳು, ಬಟ್ಟೆ, ಹತ್ತಿ ಯಾವುದೂ ತಾಗಬಾರದು. ಪೂರ್ತಿ ಒಣಗಿದ ಮೇಲೆ ಕೂರಿಸಿ.

ಎಂಎಎಫ್ ಸುಳ್ಳು ಹೇಳುತ್ತಿದೆಯೋ ಗಾಳಿ ನಿಜಕ್ಕೂ ಕಡಿಮೆಯೋ ಎಂದು ಗೊತ್ತುಮಾಡಲು ಫ್ಯುಯೆಲ್ ಟ್ರಿಮ್ ನೋಡಿ. ಇಸಿಯು ತಾನು ಹಾಕಿದ ಲೆಕ್ಕವನ್ನು ಎಷ್ಟು ತಿದ್ದುತ್ತಿದೆ ಎಂದು ಅದು ಹೇಳುತ್ತದೆ. ಶಾರ್ಟ್ ಟರ್ಮ್, ಲಾಂಗ್ ಟರ್ಮ್ ಎರಡೂ ಕೂಡಿ 10% ಒಳಗಿದ್ದರೆ ತಲೆ ಕೆಡಿಸಿಕೊಳ್ಳಬೇಡಿ. ಐಡ್ಲಿಂಗ್‌ನಲ್ಲಿ +15, +20 ಇದ್ದು 2500 ಆರ್‌ಪಿಎಂನಲ್ಲಿ ಇಳಿದುಬಿಟ್ಟರೆ ಎಲ್ಲೋ ವ್ಯಾಕ್ಯೂಮ್ ಪೈಪ್ ಸೀಳಿ ಕಳ್ಳಗಾಳಿ ಒಳಗೆ ಬರುತ್ತಿದೆ. ಉಲ್ಟಾ, ಐಡ್ಲಿಂಗ್‌ನಲ್ಲಿ ಸರಿಯಿದ್ದು ಏರು ಹತ್ತುವಾಗ ಟ್ರಿಮ್ ಮೇಲೆ ಹೋದರೆ ಎಂಎಎಫ್ ಕೊಳೆ ಅಥವಾ ಪೆಟ್ರೋಲ್ ಪಂಪ್ ಸೋತಿದೆ. ಗಾಳಿ ಕಡಿಮೆ, ಟ್ರಿಮ್ ಮಾತ್ರ ಸರಿ ಅಂತಾದರೆ ಸೆನ್ಸರ್ ನಿಜವನ್ನೇ ಹೇಳುತ್ತಿದೆ. ಗಾಳಿ ನಿಜಕ್ಕೂ ಬರುತ್ತಿಲ್ಲ.

ಆಗ ಸೈಲೆನ್ಸರ್ ಕಡೆ ತಿರುಗಿ. ಎಂಎಪಿ ಹೊರಗಿನ ಒತ್ತಡಕ್ಕೆ ಬಂದಿದೆ, ಎಂಎಎಫ್ ಮಾತ್ರ ಕಡಿಮೆ ಎಂದರೆ ಗಾಳಿ ಬಾಗಿಲಲ್ಲಿ ಬಂದು ನಿಂತಿದೆ, ಒಳಗೆ ಹೋಗಲು ಜಾಗವಿಲ್ಲ, ಏಕೆಂದರೆ ಹಳೆಯ ಹೊಗೆ ಆಚೆ ಹೋಗಿಲ್ಲ. ಕ್ಯಾಟಲಿಟಿಕ್ ಕನ್ವರ್ಟರ್ (ಹೊಗೆ ಶುದ್ಧ ಮಾಡುವ, ಒಳಗೆ ಜೇನುಗೂಡಿನಂತಿರುವ ಭಾಗ) ಕಟ್ಟಿಕೊಂಡಾಗ ಹೀಗಾಗುತ್ತದೆ. ಮುಂದಿನ ಆಕ್ಸಿಜನ್ ಸೆನ್ಸರ್ ಬಿಚ್ಚಿ ಆ ತೂತಿಗೆ ಪ್ರೆಷರ್ ಗೇಜ್ ಹಾಕಿದರೆ 2500 ಆರ್‌ಪಿಎಂನಲ್ಲಿ 3 ಪಿಎಸ್‌ಐ ದಾಟಬಾರದು. ಇದನ್ನು ಗ್ಯಾರೇಜಿನಲ್ಲೇ ಮಾಡಿಸಿ, ಬಿಸಿ ಎಕ್ಸಾಸ್ಟ್ ಸುಟ್ಟುಬಿಡುತ್ತದೆ. ಕನ್ವರ್ಟರ್ ಸುಮ್ನೆ ಕಟ್ಟುವುದಿಲ್ಲ ಎಂಬುದೂ ಗೊತ್ತಿರಲಿ. ಮಿಸ್ಸಿಂಗ್ ಇದ್ದಾಗ ಉರಿಯದ ಪೆಟ್ರೋಲ್ ಅದರೊಳಗೆ ಹೋಗಿ ಉರಿದು ಜೇನುಗೂಡನ್ನೇ ಕರಗಿಸುತ್ತದೆ. ಮಿಸ್ಸಿಂಗ್ ಸರಿಮಾಡದೆ ಹೊಸ ಕನ್ವರ್ಟರ್ ಹಾಕಿದರೆ ಅದೂ ಅದೇ ದಾರಿ ಹಿಡಿಯುತ್ತದೆ.

ಗಾಳಿ ಸರಿಯಿದ್ದು ಬಲ ಇಲ್ಲದಿದ್ದರೆ

ಸ್ಪಾರ್ಕ್ ಪ್ಲಗ್ ಬಿಚ್ಚಿ ನೋಡಿ. ಐಡ್ಲಿಂಗ್‌ನಲ್ಲಿ ಮೃದುವಾಗಿದ್ದು ಭಾರ ಬಿದ್ದಾಗ ಜರ್ಕ್ ಹೊಡೆದರೆ ಸವೆದ ಪ್ಲಗ್ ಅಥವಾ ಸೀಳಿದ ಇಗ್ನಿಷನ್ ಕಾಯಿಲ್ ಮೇಲೆ ಅನುಮಾನ ಬರಬೇಕು. ಒತ್ತಡ ಹೆಚ್ಚಾದಷ್ಟೂ ಕಿಡಿ ಹಾರುವುದು ಕಷ್ಟ. ಯಾವ ಸಿಲಿಂಡರ್ ಮಿಸ್ ಆಗುತ್ತಿದೆಯೋ ಅದರ ಕಾಯಿಲನ್ನು ಪಕ್ಕದ್ದಕ್ಕೆ ಹಾಕಿ. ಕೋಡ್ ಪಿ0301 (ಒಂದನೇ ಸಿಲಿಂಡರ್) ಇದ್ದದ್ದು ಪಿ0302 (ಎರಡನೆಯದು) ಆದರೆ ಕಾಯಿಲ್ಲೇ ಕಳ್ಳ ಎಂದು ಕಾಸು ಖರ್ಚಿಲ್ಲದೆ ಸಾಬೀತಾಯಿತು.

ಇಂಧನದ ಒತ್ತಡವನ್ನು ಗೇಜ್ ಹಾಕಿಯೇ ಅಳೆಯಬೇಕು. ಮ್ಯಾನಿಫೋಲ್ಡಿಗೆ ಪೆಟ್ರೋಲ್ ಚಿಮ್ಮಿಸುವ ಸಾಮಾನ್ಯ ಎಂಜಿನ್ನುಗಳಲ್ಲಿ 3ರಿಂದ 4 ಬಾರ್ ಇರುತ್ತದೆ. ನಿಂತಾಗ ಸರಿಯಿದ್ದು ಎಳೆಯುವಾಗ ಬಿದ್ದರೆ ಫಿಲ್ಟರ್ ಅಥವಾ ಪಂಪ್.

ಥರ್ಮೋಸ್ಟಾಟ್ (ಎಂಜಿನ್ ಬಿಸಿಯಾಗುವ ತನಕ ಕೂಲಂಟನ್ನು ತಡೆಯುವ ಬಾಗಿಲು) ತೆರೆದೇ ಉಳಿದರೆ ಎಂಜಿನ್ ಬೇಕಾದಷ್ಟು ಬಿಸಿಯಾಗುವುದಿಲ್ಲ, ಕಾರು ಮಂಕಾಗುತ್ತದೆ, ಮೈಲೇಜೂ ಬೀಳುತ್ತದೆ. ಕೂಲಂಟ್ ತಾಪಮಾನ ಹತ್ತಿಪ್ಪತ್ತು ನಿಮಿಷ ಓಡಿಸಿದ ಮೇಲೂ 80 ಡಿಗ್ರಿ ಮುಟ್ಟದಿದ್ದರೆ ಅದನ್ನು ನೋಡಿ.

ಡೀಸೆಲ್ ಮತ್ತು ಟರ್ಬೊ

ಡೀಸೆಲ್ ಕಾರಿನಲ್ಲಿ ಬಲವನ್ನು ಹೆಚ್ಚುಕಡಿಮೆ ಮಾಡುವುದು ಥ್ರಾಟಲ್ ಅಲ್ಲ, ಇಂಜೆಕ್ಟರ್ ಚಿಮ್ಮಿಸುವ ಡೀಸೆಲ್. ಹಾಗಾಗಿ ಇಲ್ಲಿ ಹೊಗೆಯೇ ಮೊದಲ ಸಾಕ್ಷಿ. ಎಳೆಯದೆ ಕಪ್ಪು ಹೊಗೆ ಬಿಟ್ಟರೆ ಡೀಸೆಲ್ ಇದೆ, ಗಾಳಿ ಇಲ್ಲ: ಟರ್ಬೊ ಪೈಪ್ ಸೀಳಿದೆ, ಇಜಿಆರ್ ವಾಲ್ವ್ (ಒಂದಷ್ಟು ಹೊಗೆಯನ್ನು ಮತ್ತೆ ಎಂಜಿನ್ನಿಗೆ ಬಿಡುವ ಕವಾಟ) ತೆರೆದೇ ಅಂಟಿಕೊಂಡಿದೆ, ಇಲ್ಲವೇ ಟರ್ಬೊ ಸೋತಿದೆ. ಹೊಗೆಯೂ ಇಲ್ಲ ಬಲವೂ ಇಲ್ಲ ಎಂದರೆ ಡೀಸೆಲ್ ಸಾಲುತ್ತಿಲ್ಲ, ಮೊದಲು ಡೀಸೆಲ್ ಫಿಲ್ಟರ್. ಡಿಪಿಎಫ್ (ಹೊಗೆಯ ಮಸಿ ಹಿಡಿಯುವ ಫಿಲ್ಟರ್) ಇರುವ ಕಾರುಗಳಲ್ಲಿ ಹೊಗೆಯನ್ನು ಅದು ಹಿಡಿದಿಟ್ಟುಬಿಡುತ್ತದೆ, ಈ ಸಾಕ್ಷಿ ಸಿಗುವುದಿಲ್ಲ. ಅಲ್ಲಿ ಡಿಪಿಎಫ್ಫೇ ತುಂಬಿ ಉಸಿರು ಕಟ್ಟಿಸಿರಬಹುದು. ಹತ್ತಿರದ ಓಡಾಟವೇ ಜಾಸ್ತಿ ಇರುವ ಕಾರಾದರೆ ಖಂಡಿತ ನೋಡಿಸಿ.

ಟರ್ಬೊ ಪೈಪ್ ಸೋರಿಕೆಯನ್ನು ಕಣ್ಣಿನಿಂದಲೇ ಹಿಡಿಯಬಹುದು. ಇಂಟರ್‌ಕೂಲರಿಗೆ (ಟರ್ಬೊ ಗಾಳಿಯನ್ನು ತಣಿಸುವ ಭಾಗ) ಹೋಗುವ, ಅಲ್ಲಿಂದ ಬರುವ ರಬ್ಬರ್ ಪೈಪುಗಳ ಜಾಯಿಂಟಿನಲ್ಲಿ ಎಣ್ಣೆಯ ಪಸೆ, ಅದಕ್ಕೆ ಅಂಟಿದ ಧೂಳು ಇದ್ದರೆ ಗಾಳಿ ಅಲ್ಲಿಂದಲೇ ಹೊರಗೆ ಹೋಗುತ್ತಿದೆ. ಪೈಪಿನ ಕೆಳಭಾಗವನ್ನು ಕೈಯಿಂದ ಸವರಿ, ಸೀಳು ಯಾವಾಗಲೂ ಕಾಣದ ಕಡೆಯೇ ಇರುತ್ತದೆ. ಎಳೆಯುವಾಗ ಬುಸ್ ಎಂಬ ಸದ್ದು ಬಂದರೆ ಅದೂ ಸುಳಿವು. ಸ್ಕ್ಯಾನರಿನಲ್ಲಿ ಎಂಎಪಿ 200 ತೋರಿಸಿದರೆ ಸುಮಾರು 1 ಬಾರ್ ಬೂಸ್ಟ್ (ಟರ್ಬೊ ಸೇರಿಸಿದ ಒತ್ತಡ) ಎಂದರ್ಥ. ಎಳೆಯುವಾಗಲೂ 100ರ ಹತ್ತಿರವೇ ಇದ್ದರೆ ಟರ್ಬೊ ಇದ್ದೂ ಇಲ್ಲದ ಹಾಗೆ.

ಒಂದು ಎಚ್ಚರಿಕೆ: ಕಾಮನ್ ರೇಲ್ ಪೈಪುಗಳನ್ನು (ಇಂಜೆಕ್ಟರಿಗೆ ಡೀಸೆಲ್ ಒಯ್ಯುವವು) ಎಂಜಿನ್ ಓಡುತ್ತಿರುವಾಗ ಸಡಿಲಿಸಬೇಡಿ, ಸೋರಿಕೆಯನ್ನು ಬೆರಳಿನಿಂದ ಹುಡುಕಬೇಡಿ. ಅಲ್ಲಿ ನೂರಾರು ಬಾರ್, ಪೂರ್ತಿ ಭಾರದಲ್ಲಿ ಸಾವಿರಕ್ಕೂ ಮೀರಿದ ಒತ್ತಡ ಇರುತ್ತದೆ. ಡೀಸೆಲ್ ಚರ್ಮ ತೂರಿ ಒಳಗೆ ಹೋಗುತ್ತದೆ.

ಕ್ಲಚ್, ಗೇರ್

ನಾಲ್ಕನೇ ಗೇರಿನಲ್ಲಿ 50 ಕಿ.ಮೀ. ವೇಗದಲ್ಲಿದ್ದು ಪೆಡಲ್ ಪೂರ್ತಿ ಒತ್ತಿ. ಆರ್‌ಪಿಎಂ ಸರ್ರನೆ ಏರಿ ವೇಗ ಹಿಂದುಳಿದರೆ ಕ್ಲಚ್ ಜಾರುತ್ತಿದೆ. ಚಕ್ರ ರಸ್ತೆಯಲ್ಲಿ ಜಾರದಿದ್ದರೆ, ಒಂದೇ ಗೇರಿನಲ್ಲಿ ಆರ್‌ಪಿಎಂ ಮತ್ತು ವೇಗದ ಅನುಪಾತ ಬದಲಾಗಲು ಬೇರೆ ಕಾರಣವೇ ಇಲ್ಲ. ಆಟೋಮ್ಯಾಟಿಕ್ ಆದರೆ ಆಯಿಲ್ ಮಟ್ಟ, ಬಣ್ಣ ನೋಡಿಸಿ. ಕಿಕ್‌ಡೌನ್ (ಪೆಡಲ್ ಪೂರ್ತಿ ಒತ್ತಿದಾಗ ಕೆಳಗಿನ ಗೇರಿಗೆ ಇಳಿಯುವುದು) ತಡವಾಗುತ್ತಿದ್ದರೆ ಗೇರ್‌ಬಾಕ್ಸಿನ ಇಸಿಯುನ ಕೋಡ್ ಬೇರೆಯಾಗಿ ಓದಿಸಬೇಕು, ಸಾಮಾನ್ಯ ಸ್ಕ್ಯಾನರಿಗೆ ಅದು ಸಿಗದಿರಬಹುದು.

ಪೆಡಲ್ ಕನೆಕ್ಟರಿನ ನಡುವೆ ಹಾಕುವ "ಥ್ರಾಟಲ್ ರೆಸ್ಪಾನ್ಸ್" ಪೆಟ್ಟಿಗೆಗಳ ಬಗ್ಗೆ ತುಂಬಾ ಜನ ಕೇಳುತ್ತಾರೆ. ನೀವು 30% ಒತ್ತಿದಾಗ ಇಸಿಯುಗೆ 50% ಎಂದು ಹೇಳುವುದಷ್ಟೇ ಅದರ ಕೆಲಸ. ಬಲ ಒಂದಿಷ್ಟೂ ಹೆಚ್ಚುವುದಿಲ್ಲ. ಆರೋಗ್ಯವಾಗಿರುವ ಕಾರಿಗೆ ಬೇಕಿದ್ದರೆ ಹಾಕಿಕೊಳ್ಳಿ. ಕಾಯಿಲೆ ಬಿದ್ದ ಕಾರಿಗೆ ಹಾಕಿದರೆ ನಮ್ಮ ಮೂರು ಸಂಖ್ಯೆಗಳಲ್ಲಿ ಮೊದಲನೆಯದೇ ಸುಳ್ಳಾಗುತ್ತದೆ. ಈಗಾಗಲೇ ಇದ್ದರೆ ಪರೀಕ್ಷೆಗೆ ಮೊದಲು ಬಿಚ್ಚಿಡಿ.

ಎಲ್ಲ ಸರಿಯಿದ್ದೂ ಮಂಕಾಗಿಯೇ ಇದ್ದರೆ

ಆಗ ಎಂಜಿನ್ನಿನ ಒಳಗೆ ಹೋಗಬೇಕು. ಕಂಪ್ರೆಷನ್ ಟೆಸ್ಟ್ (ಸಿಲಿಂಡರಿನಲ್ಲಿ ಹುಟ್ಟುವ ಒತ್ತಡದ ಅಳತೆ) ಮಾಡಿಸಿ, ಒಂದು ಸಿಲಿಂಡರ್ ಉಳಿದವಕ್ಕಿಂತ ತೀರಾ ಕಡಿಮೆ ಇರಬಾರದು. ಎಲ್ಲ ಸಿಲಿಂಡರೂ ಒಂದೇ ಸಮನೆ ಕಡಿಮೆ ಬಂದರೆ ಟೈಮಿಂಗ್ ಬೆಲ್ಟ್ ಒಂದು ಹಲ್ಲು ಹಾರಿರಬಹುದು ಅಥವಾ ಚೈನ್ ಎಳೆದುಕೊಂಡು ಉದ್ದವಾಗಿರಬಹುದು. ಇದು ಮನೆಯಲ್ಲಿ ಮಾಡುವ ಕೆಲಸವಲ್ಲ. ಆದರೆ ಮೆಕ್ಯಾನಿಕ್ ಹತ್ತಿರ ಹೋಗುವಾಗ ನಿಮ್ಮ ರೆಕಾರ್ಡ್, ಕೋಡ್, ಟ್ರಿಮ್ ಮೂರನ್ನೂ ತೆಗೆದುಕೊಂಡು ಹೋಗಿ. ಫಿಲ್ಟರಿನಿಂದ ಮತ್ತೆ ಶುರುಮಾಡುವುದು ತಪ್ಪುತ್ತದೆ.

ರಿಪೇರಿ ಆದ ಮೇಲೆ ಕೋಡ್ ಅಳಿಸಿ, ಅದೇ ರಸ್ತೆ, ಅದೇ ಮೂರನೇ ಗೇರ್, ಅದೇ 2000 ಆರ್‌ಪಿಎಂನಿಂದ ಇನ್ನೊಮ್ಮೆ ರೆಕಾರ್ಡ್ ಮಾಡಿ. ಎಸಿ ಆಗ ಆಫ್ ಇದ್ದಿದ್ದರೆ ಈಗಲೂ ಆಫ್ ಇರಲಿ. ಲಾಂಗ್ ಟರ್ಮ್ ಟ್ರಿಮ್ ಹೊಸದಾಗಿ ಕಲಿಯಲು ಸ್ವಲ್ಪ ಓಡಾಟ ಬೇಕು, ಅದನ್ನು ಮೊದಲ ದಿನವೇ ನೋಡಿ ತೀರ್ಮಾನಿಸಬೇಡಿ. ತೊಂದರೆ ಗಾಳಿಯದ್ದಾಗಿದ್ದರೆ ಗಾಳಿಯ ಸಂಖ್ಯೆ ಮಾತ್ರ ಮೊದಲ ಎಳೆತದಲ್ಲೇ ಬದಲಾಗಿರಬೇಕು.